ಕೂಡುವಾಗಲೇ ಬರೆದಿಡಬೇಕಾದ ಅಗಲಿಕೆ

ಬನ್ನೇರುಘಟ್ಟವನ್ನು ದಾಟಿ ಆನೇಕಲ್ ಕಡೆಗೆ ಸಾಗುವ ರಸ್ತೆಯಲ್ಲಿ ಜಿಗಣಿ ಸಿಗುತ್ತದೆ. ಗ್ರಾನೈಟ್ ಕಲ್ಲನ್ನು ಕೊಯ್ದು ಹೊಳಪು ಕೊಡುವ ಘಟಕಗಳು, ಔಷಧಿ ಕಾರ್ಖಾನೆಗಳು, ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಶೆಡ್‌ಗಳು, ಅವುಗಳ ಹಿಂದೆ ಒಂದೊಂದು ಕೋಣೆಯ ಬಾಡಿಗೆ ಮನೆಗಳು. ಉತ್ತರ ಕರ್ನಾಟಕದಿಂದ ಬಂದವರು, ಒಡಿಶಾ, ಬಿಹಾರಗಳಿಂದ ಬಂದವರು ಈ ಕೋಣೆಗಳಲ್ಲಿ ಬದುಕು ಸಾಗಿಸುತ್ತಿದ್ದಾರೆ. ಅನತಿ ದೂರದ ಬೊಮ್ಮಸಂದ್ರದಲ್ಲಿ ಡಾ. ದೇವಿ ಶೆಟ್ಟಿಯವರು 2000ದಲ್ಲಿ ಸ್ಥಾಪಿಸಿದ ನಾರಾಯಣ ಹೃದಯಾಲಯವಿದೆ. ಹೃದಯದ ಶಸ್ತ್ರಚಿಕಿತ್ಸೆಗಾಗಿ ದೇಶವಿದೇಶಗಳಿಂದ ಜನರು ಅಲ್ಲಿಗೆ ಬರುತ್ತಾರೆ. ಆದರೆ ರಾತ್ರಿ ಪಾಳಿಯಲ್ಲಿ ಯಂತ್ರಕ್ಕೆ ಬೆರಳು ಕೊಟ್ಟವನು, ಮಗುವಿನ ಜ್ವರ ಇಳಿಯಲಿಲ್ಲವೆಂದು ಗಾಬರಿಗೊಂಡ ತಾಯಿ, ಹೆರಿಗೆ ನೋವು ಕಾಣಿಸಿಕೊಂಡ ಹೆಣ್ಣುಮಗಳು ಮೊದಲು ಓಡುವುದು ಬೀದಿಯ ತಿರುವಿನಲ್ಲಿರುವ ಹತ್ತು ಹದಿನೈದು ಹಾಸಿಗೆಗಳ ನರ್ಸಿಂಗ್ ಹೋಮ್‌ಗೆ. ದುಡಿಯುವ ಜನರ ಪಾಲಿಗೆ ಆಸ್ಪತ್ರೆಯೆಂದರೆ ಅದೇ.

ಇಂತಹ ನರ್ಸಿಂಗ್ ಹೋಮ್ ಅನ್ನು ಒಬ್ಬ ವೈದ್ಯ ಒಂಟಿಯಾಗಿ ನಡೆಸುವುದು ಕಷ್ಟ. ಕಟ್ಟಡದ ಮುಂಗಡ, ಸ್ಕ್ಯಾನಿಂಗ್ ಯಂತ್ರ, ಶಸ್ತ್ರಚಿಕಿತ್ಸಾ ಕೊಠಡಿ ಇವುಗಳಿಗೆ ಬೇಕಾದ ಬಂಡವಾಳ ಒಬ್ಬರ ಕೈಯಲ್ಲಿ ಇರುವುದಿಲ್ಲ. ಇದ್ದರೂ ಹಗಲು ರಾತ್ರಿ ಒಬ್ಬನೇ ಎಚ್ಚರವಿರಲು ಸಾಧ್ಯವಿಲ್ಲ. ಆದ್ದರಿಂದ ಇಬ್ಬರೋ ಮೂವರೋ ಕೂಡಿಕೊಳ್ಳುತ್ತಾರೆ. ನಮ್ಮ ಸಮುದಾಯದಲ್ಲಿಯೂ ಇಂದು ಇಂತಹ ಕೂಟಗಳಿವೆ. ಅಂದಿನ ಬಿಜಾಪುರದಲ್ಲಿ 1984ರಲ್ಲಿ ಅಲ್ ಅಮೀನ್ ಮೆಡಿಕಲ್ ಕಾಲೇಜು ಆರಂಭವಾದಂದಿನಿಂದ ಎರಡು ತಲೆಮಾರಿನ ವೈದ್ಯರು ಹೊರಬಂದಿದ್ದಾರೆ. ಆಸ್ತಿ ಮಾರಿ, ಒಡವೆ ಅಡವಿಟ್ಟು ಓದಿಸಿದ ಕುಟುಂಬಗಳ ಮಕ್ಕಳು ಅವರು. ಸಹಪಾಠಿಗಳಾಗಿದ್ದವರು, ಅಳಿಯ-ಮಾವಂದಿರು, ಒಂದೇ ಮೊಹಲ್ಲಾದವರು ಸೇರಿ ನಗರದ ಅಂಚಿನಲ್ಲಿ ಆಸ್ಪತ್ರೆ ತೆರೆಯುವಾಗ ಮಸೀದಿಯ ಇಮಾಮರನ್ನು ಕರೆದು ದುಆ ಮಾಡಿಸುತ್ತಾರೆ, ಬಿರಿಯಾನಿ ಹಂಚುತ್ತಾರೆ. ಸಂತೋಷದ ಸಂಗತಿಯೇ. ಆದರೆ ಅಂದು ಕೇಳದೆ ಬಿಟ್ಟ ಒಂದು ಪ್ರಶ್ನೆ ಹಲವು ವರ್ಷಗಳ ಬಳಿಕ ಬಾಗಿಲು ತಟ್ಟುತ್ತದೆ. ಬೇರೆಯಾಗುವುದಾದರೆ ಹೇಗೆ?

ಯಾವುದೇ ಒಂದು ಆಸ್ಪತ್ರೆಯ ಕಥೆಯೆಂದು ಭಾವಿಸದೆ ಒಂದು ಚಿತ್ರವನ್ನು ಕಲ್ಪಿಸಿಕೊಳ್ಳಿರಿ. ಒಬ್ಬರು ಸಾಮಾನ್ಯ ರೋಗಗಳ ತಜ್ಞರು, ಇನ್ನೊಬ್ಬರು ಸ್ತ್ರೀರೋಗ ತಜ್ಞೆ. ಆಕೆ ಮೊದಲಿನವರ ಸಹಪಾಠಿಯ ಪತ್ನಿ. ತಲಾ 20 ಲಕ್ಷ ರೂಪಾಯಿ ಹಾಕಿ, ಲಾಭನಷ್ಟ ಸಮಪಾಲು ಎಂದು ಬರೆದ ಎರಡು ಪುಟದ ಕಾಗದಕ್ಕೆ ಸಹಿ ಮಾಡಿದ್ದಾರೆ. ನಾಲ್ಕೈದು ವರ್ಷ ಎಲ್ಲವೂ ಸುಸೂತ್ರ. ಬಳಿಕ ಸಣ್ಣ ಸಣ್ಣ ಮಾತುಗಳು ಏಳುತ್ತವೆ. ರಾತ್ರಿ ಹೆರಿಗೆಗೆ ಎದ್ದು ಬರುವವಳು ನಾನು, ಸಮಪಾಲು ಹೇಗೆ ಎಂದು ಆಕೆ ಕೇಳುತ್ತಾರೆ. ಆರಂಭದ ವರ್ಷಗಳಲ್ಲಿ ನನ್ನ ಹೆಸರಿಗೇ ರೋಗಿಗಳು ಬಂದರು ಎಂದು ಅವರು ಹೇಳುತ್ತಾರೆ. ಔಷಧಿ ಅಂಗಡಿಯಲ್ಲಿ ಅವರ ತಮ್ಮ ಕುಳಿತಿದ್ದಾನೆ, ಅದರ ಲೆಕ್ಕ ಆಕೆಗೆ ಸಿಗುವುದಿಲ್ಲ. ಹೊರಗಿನ ಲ್ಯಾಬೊಂದು ಕಳುಹಿಸುವ ಲಕೋಟೆ ಯಾರ ಜೇಬಿಗೆ ಹೋಗುತ್ತದೆಂದು ದಾದಿಯರಿಗೆಲ್ಲ ಗೊತ್ತು, ಪಾಲುದಾರರಿಗೆ ಮಾತ್ರ ಗೊತ್ತಿಲ್ಲ. ಒಂದು ಬೆಳಿಗ್ಗೆ ಕಾರ್ಯಾಲಯದ ಕಪಾಟಿಗೆ ಹೊಸ ಬೀಗ ಬಿದ್ದಿರುತ್ತದೆ.

ಬೀಗ ಬಿದ್ದ ದಿನ ಕಷ್ಟಕ್ಕೆ ಸಿಲುಕುವವರು ಯಾರು? ವೈದ್ಯರಿಬ್ಬರೂ ಹೇಗೋ ಬದುಕಿಕೊಳ್ಳುತ್ತಾರೆ, ಅವರ ವಿದ್ಯೆ ಅವರೊಂದಿಗಿದೆ. ಆದರೆ ಐದು ತಿಂಗಳ ಗರ್ಭಿಣಿಯೊಬ್ಬಳ ತಪಾಸಣೆಯ ಕಾಗದಗಳು ಆ ಕಪಾಟಿನಲ್ಲಿವೆ. ಆಕೆಯ ರಕ್ತದೊತ್ತಡ ಯಾವಾಗ ಏರಿತ್ತು, ಯಾವ ಗುಳಿಗೆ ಒಗ್ಗಲಿಲ್ಲ ಎಂಬುದು ಅದರಲ್ಲಿ ಮಾತ್ರ ಇದೆ. ಎರಡು ತಿಂಗಳ ಸಂಬಳ ಬಾಕಿಯಿರುವ ದಾದಿ ಯಾರನ್ನು ಕೇಳಬೇಕೆಂದು ತಿಳಿಯದೆ ನಿಂತಿದ್ದಾಳೆ. ಹೂಡಿಕೆಯೆಂದು ಐದು ಲಕ್ಷ ಕೊಟ್ಟ ನಿವೃತ್ತ ಶಿಕ್ಷಕರೊಬ್ಬರಿಗೆ ತಾವು ಪಾಲುದಾರರೋ ಸಾಲ ಕೊಟ್ಟವರೋ ಎಂಬುದೇ ಗೊತ್ತಿಲ್ಲ. ವೈದ್ಯರ ಜಗಳವನ್ನು ಅವರ ಖಾಸಗಿ ವಿಷಯವೆಂದು ಬದಿಗೆ ಸರಿಸಲಾಗದು ಎಂದು ಹೇಳುವುದಕ್ಕೆ ಇದೇ ಕಾರಣ.

ಏಕೆ ಮೊದಲೇ ಬರೆದಿಡಲಿಲ್ಲ ಎಂದು ಕೇಳಿದರೆ ಸಿಗುವ ಉತ್ತರ ಒಂದೇ ಪದದ್ದು: ಭರೋಸಾ. ಬರವಣಿಗೆ ಕೇಳುವುದೆಂದರೆ ಎದುರಿನವನ ನಿಯ್ಯತ್ತನ್ನು ಸಂಶಯಿಸಿದಂತೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಇದು ಎಲ್ಲಿಂದ ಬಂತೋ ತಿಳಿಯದು. ಧರ್ಮದಿಂದಂತೂ ಬಂದಿಲ್ಲ. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘವಾದ ಸೂಕ್ತವು ನಮಾಝಿನ ಬಗೆಗಾಗಲಿ ಹಜ್ಜ್‌ನ ಬಗೆಗಾಗಲಿ ಇರುವಂಥದ್ದಲ್ಲ. ಅದು ಸಾಲದ ವ್ಯವಹಾರವನ್ನು ಬರೆದಿಡುವ, ಸಾಕ್ಷಿಗಳನ್ನು ನಿಲ್ಲಿಸುವ ಕುರಿತಾಗಿದೆ. ಅಲ್‌ಬಖರಃ ಅಧ್ಯಾಯದ 282ನೇ ಸೂಕ್ತವದು. ಮೊತ್ತ ಸಣ್ಣದಾದರೂ ಬರೆಯಲು ಉದಾಸೀನ ಮಾಡಬಾರದೆಂಬ ತಾಕೀತೂ ಅಲ್ಲಿದೆ. ಪಾಲುದಾರರಲ್ಲಿ ಅನೇಕರು ಪರಸ್ಪರ ಅನ್ಯಾಯವೆಸಗುತ್ತಾರೆಂಬ ಎಚ್ಚರಿಕೆ ದಾವೂದ್(ಅ)ರ ವೃತ್ತಾಂತದಲ್ಲಿ ಬರುತ್ತದೆ. ಮನುಷ್ಯ ಸ್ವಭಾವವನ್ನು ಬಲ್ಲವನ ಮಾತಿದು. ನಾವೋ ನಮ್ಮ ಸ್ವಭಾವ ಅದಕ್ಕಿಂತ ಉತ್ತಮವೆಂದು ಭಾವಿಸಿ ಎರಡು ಪುಟಗಳಲ್ಲಿ ಮುಗಿಸುತ್ತೇವೆ.

ಬರೆಯದೆ ಬಿಟ್ಟ ಜಾಗವನ್ನು ಕಾನೂನು ತುಂಬುತ್ತದೆ ಎಂಬುದನ್ನು ನಮ್ಮ ವೈದ್ಯರು ತಿಳಿಯಬೇಕು. 1932ರ ಭಾರತೀಯ ಪಾಲುದಾರಿಕೆ ಕಾಯಿದೆ ಇಂದಿಗೂ ಜಾರಿಯಲ್ಲಿದೆ. ಪಾಲುದಾರಿಕೆ ಎಷ್ಟು ಕಾಲ, ಯಾವಾಗ ಮುಗಿಯುತ್ತದೆ ಎಂಬುದನ್ನು ಪತ್ರದಲ್ಲಿ ಹೇಳಿಲ್ಲವಾದರೆ ಅದು ಇಚ್ಛಾಧೀನ ಪಾಲುದಾರಿಕೆ. ಒಬ್ಬರು ಇನ್ನೊಬ್ಬರಿಗೆ ಲಿಖಿತ ನೋಟೀಸು ಕೊಟ್ಟರೆ ಸಾಕು, ಸಂಸ್ಥೆ ವಿಸರ್ಜನೆಯಾಗುತ್ತದೆ. ಒಂದು ಹಾಳೆಯ ನೋಟೀಸು, ಹತ್ತು ವರ್ಷದ ಆಸ್ಪತ್ರೆ ಮುಗಿಯಿತು. ಇನ್ನು ಪತ್ರವನ್ನು ಬರೆದರೂ ಸಂಸ್ಥೆಯನ್ನು ಫರ್ಮ್‌ಗಳ ರಿಜಿಸ್ಟ್ರಾರರಲ್ಲಿ ನೋಂದಾಯಿಸದವರಿದ್ದಾರೆ. ಖರ್ಚು ಹೆಚ್ಚೇನಲ್ಲ, ಓಡಾಟವಷ್ಟೇ. ಆದರೆ ನೋಂದಾಯಿಸದ ಸಂಸ್ಥೆಯ ಪಾಲುದಾರನು ಪತ್ರದಲ್ಲಿರುವ ತನ್ನ ಹಕ್ಕಿಗಾಗಿ ಇನ್ನೊಬ್ಬ ಪಾಲುದಾರನ ಮೇಲೆ ದಾವೆ ಹೂಡಲಾರನು, ಕಾಯಿದೆಯ 69ನೇ ಕಲಮು ಅದನ್ನು ತಡೆಯುತ್ತದೆ. ಅವನಿಗೆ ತೆರೆದಿರುವ ದಾರಿ ಸಂಸ್ಥೆಯನ್ನೇ ವಿಸರ್ಜಿಸಿ ಲೆಕ್ಕ ಕೊಡಿಸಿರೆಂದು ಕೇಳುವುದು. ಅಂದರೆ ತನಗೆ ಬರಬೇಕಾದ ಆರು ತಿಂಗಳ ಪಾಲನ್ನು ಕೇಳಹೊರಟವನು ಆಸ್ಪತ್ರೆಯನ್ನೇ ಒಡೆಯಬೇಕಾಗುತ್ತದೆ! ರಾಜಿಯಾಗಬಹುದಾಗಿದ್ದ ವ್ಯಾಜ್ಯ ಹೀಗೆ ಕೊನೆಯ ಹಂತಕ್ಕೆ ನೂಕಲ್ಪಡುತ್ತದೆ.

ಲ್ಯಾಬಿನ ಲಕೋಟೆಯ ಬಗ್ಗೆಯೂ ಎರಡು ಮಾತು. ರೋಗಿಯನ್ನು ಕಳುಹಿಸಿದ್ದಕ್ಕಾಗಿ ಕಮಿಷನ್ ಪಡೆಯುವುದನ್ನು ವೈದ್ಯರ ವೃತ್ತಿನಡತೆಯ ಕುರಿತ 2002ರ ನಿಯಮಾವಳಿ ನಿಷೇಧಿಸಿದೆ. ಸಂಸ್ಥೆಯ ವ್ಯವಹಾರದಿಂದ ಒಬ್ಬ ಪಾಲುದಾರ ಗುಟ್ಟಾಗಿ ಗಳಿಸಿದ್ದನ್ನು ಸಂಸ್ಥೆಗೆ ಒಪ್ಪಿಸಬೇಕೆಂದು ಪಾಲುದಾರಿಕೆ ಕಾಯಿದೆ ಹೇಳುತ್ತದೆ. ಆದರೆ ಈ ಲಕೋಟೆಯನ್ನು ಇಬ್ಬರೂ ಹಂಚಿಕೊಂಡರೆ ಅದು ಹಲಾಲ್ ಆಗುವುದೇ? ರೋಗಿಯ ಜೇಬಿನಿಂದ ಬಂದ ಹಣವದು. ಎಷ್ಟೋ ಪಾಲುದಾರರು ಜಗಳವಾಡುವುದು ಇಂತಹ ಹಣದ ಹಂಚಿಕೆಗಾಗಿ ಎಂಬುದು ನಾಚಿಕೆಗೇಡಿನ ಸಂಗತಿ.

ಈಗ ಲೆಕ್ಕಕ್ಕೆ ಬರೋಣ, ಏಕೆಂದರೆ ಹೃದಯಗಳು ಒಡೆಯುವುದು ಅಲ್ಲಿಯೇ. ನಮ್ಮ ಕಲ್ಪನೆಯ ಆಸ್ಪತ್ರೆಯಲ್ಲಿ ಯಂತ್ರೋಪಕರಣಗಳ ಇಂದಿನ ಬೆಲೆ 18 ಲಕ್ಷ, ಕಟ್ಟಡದ ಮುಂಗಡ 10 ಲಕ್ಷ, ವಿಮಾ ಕಂಪೆನಿಗಳಿಂದ ಬರಬೇಕಾದ ಬಾಕಿ 6 ಲಕ್ಷ, ಬ್ಯಾಂಕಿಗೂ ಔಷಧಿ ಸರಬರಾಜುದಾರರಿಗೂ ಕೊಡಬೇಕಾದುದು 14 ಲಕ್ಷ ಎಂದಿಟ್ಟುಕೊಳ್ಳಿ. ಉಳಿಯುವುದು 20 ಲಕ್ಷ, ಒಬ್ಬರಿಗೆ 10 ಲಕ್ಷ. ಹೊರಹೋಗುವವರು ಇದನ್ನು ಒಪ್ಪುವುದಿಲ್ಲ. ಹಗಲುರಾತ್ರಿ ದುಡಿದು ಈ ಹೆಸರನ್ನು ಕಟ್ಟಿದೆವು, ಹೆಸರಿಗೆ ಬೆಲೆಯಿಲ್ಲವೇ, ನನಗೆ 40 ಲಕ್ಷ ಕೊಡಿ ಎನ್ನುತ್ತಾರೆ. ಉಳಿಯುವವರು, ನೀವು ಹೋದ ಮೇಲೆ ನಿಮ್ಮ ರೋಗಿಗಳೂ ಹೋಗುತ್ತಾರೆ, ಬೆಲೆ ಎಲ್ಲಿಂದ ಬಂತು ಎನ್ನುತ್ತಾರೆ. ಇಬ್ಬರ ಮಾತಿನಲ್ಲಿಯೂ ಸತ್ಯದ ಅಂಶವಿದೆ. ಗುಡ್‌ವಿಲ್ ಎಂಬ ಈ ಅದೃಶ್ಯ ಆಸ್ತಿಯು ಸಂಸ್ಥೆಯ ಸ್ವತ್ತೇ ಎಂದು ಕಾಯಿದೆಯೂ ಹೇಳುತ್ತದೆ. ಆದರೆ ಎಷ್ಟು? ಜಗಳ ಹುಟ್ಟಿದ ಮೇಲೆ ಯಾವ ಲೆಕ್ಕಪರಿಶೋಧಕನೂ ಇಬ್ಬರೂ ಒಪ್ಪುವ ಉತ್ತರ ಕೊಡಲಾರ. ಅದೇ ಆರಂಭದ ದಿನವೇ, ಕೊನೆಯ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಎರಡು ಪಟ್ಟು ಎಂದು ಬರೆದಿದ್ದರೆ? ಸರಾಸರಿ ಲಾಭ 12 ಲಕ್ಷವಾದರೆ ಗುಡ್‌ವಿಲ್ 24 ಲಕ್ಷ, ಅರ್ಧ 12 ಲಕ್ಷ, ಆಸ್ತಿಯ ಪಾಲಿನೊಂದಿಗೆ ಸೇರಿ 22 ಲಕ್ಷ. ಎರಡು ವರ್ಷಗಳಲ್ಲಿ ಕಂತುಗಳಾಗಿ ಕೊಡಬೇಕು ಎಂದೂ ಸೇರಿಸಿದ್ದರೆ ಉಳಿದವರ ಉಸಿರು ಕಟ್ಟುವುದಿಲ್ಲ, ಆಸ್ಪತ್ರೆ ನಡೆಯುತ್ತದೆ. ಪಟ್ಟು ಎರಡೇ ಆಗಬೇಕೆಂದಿಲ್ಲ, ಒಂದಾಗಬಹುದು, ಸೊನ್ನೆಯೂ ಆಗಬಹುದು. ಯಾರು ಹೋಗುತ್ತಾರೆ ಯಾರು ಉಳಿಯುತ್ತಾರೆ ಎಂದು ಇಬ್ಬರಿಗೂ ಗೊತ್ತಿಲ್ಲದ ದಿನ ನಿರ್ಧರಿಸಿದ ಸಂಖ್ಯೆ ಎಂಬುದರಲ್ಲಿ ಅದರ ನ್ಯಾಯವಿದೆ.

ಇಲ್ಲಿ ಬಡ್ಡಿಯಿಂದ ದೂರವಿರಲು ಬಯಸುವವರಿಗೆ ತಿಳಿದಿರಬೇಕಾದ ಒಂದು ವಿಷಯವಿದೆ. ಹೊರಹೋದವರ ಲೆಕ್ಕ ಚುಕ್ತಾ ಮಾಡದೆ ಉಳಿದವರು ಅದೇ ಆಸ್ತಿಯಲ್ಲಿ ವ್ಯವಹಾರ ಮುಂದುವರಿಸಿದರೆ, ಬೇರೆ ಕರಾರು ಇಲ್ಲದಿರುವಾಗ, ಕಾಯಿದೆಯ 37ನೇ ಕಲಮು ಹೊರಹೋದವರಿಗೆ ಎರಡರಲ್ಲಿ ಒಂದನ್ನು ಆಯ್ದುಕೊಳ್ಳುವ ಹಕ್ಕು ಕೊಡುತ್ತದೆ: ಬಾಕಿ ಮೊತ್ತಕ್ಕೆ ವರ್ಷಕ್ಕೆ ಶೇಕಡಾ 6ರ ಬಡ್ಡಿ, ಇಲ್ಲವೇ ತನ್ನ ಪಾಲಿನ ಆಸ್ತಿಯಿಂದ ಆ ಅವಧಿಯಲ್ಲಿ ಹುಟ್ಟಿದ ಲಾಭದ ಭಾಗ. ಬ್ರಿಟಿಷರ ಕಾಲದ ಕಾಯಿದೆ ಲಾಭದ ಬಾಗಿಲನ್ನು ತೆರೆದಿಟ್ಟಿದೆ. ಬಡ್ಡಿ ಬೇಡವೆಂದು ಹಕ್ಕನ್ನೇ ಬಿಟ್ಟು ಬರಬೇಕಾಗಿಲ್ಲ. ಇನ್ನೊಬ್ಬರು ಬಡ್ಡಿ ಕೇಳುವುದಿಲ್ಲ ಎಂಬ ಧೈರ್ಯದಿಂದ ಹಣವನ್ನು ವರ್ಷಗಟ್ಟಲೆ ಸತಾಯಿಸುವ ಧಾರ್ಮಿಕರೂ ನಮ್ಮಲ್ಲಿ ಇಲ್ಲದಿಲ್ಲ.

ಒಬ್ಬ ಪಾಲುದಾರ ಮೃತಪಟ್ಟರೆ ವಿಷಯ ಇನ್ನೂ ಗಂಭೀರ. ಇಬ್ಬರೇ ಪಾಲುದಾರರಿದ್ದ ಸಂಸ್ಥೆಯಲ್ಲಿ ಒಬ್ಬರು ತೀರಿಕೊಂಡರೆ, ಪತ್ರದಲ್ಲಿ ಏನೇ ಬರೆದಿದ್ದರೂ ಆ ಸಂಸ್ಥೆ ಮುಂದುವರಿಯದೆಂದು ಸುಪ್ರೀಮ್ ಕೋರ್ಟು 1965ರಲ್ಲಿ ಸೇಠ್ ಗೋವಿಂದರಾಮ್ ಶುಗರ್ ಮಿಲ್ಸ್ ಪ್ರಕರಣದಲ್ಲಿ ಹೇಳಿದೆ. ಏಕಾಂಗಿಯೊಂದಿಗೆ ಪಾಲುದಾರಿಕೆ ಇರಲಾರದಷ್ಟೆ! 1970ರಲ್ಲಿ ಬಂದ ಇನ್ನೊಂದು ತೀರ್ಪನ್ನು ನಮ್ಮ ಹೆಣ್ಣುಮಕ್ಕಳು ವಿಶೇಷವಾಗಿ ತಿಳಿದಿರಬೇಕು. ಮುಂಬಯಿಯ ಹತ್ತಿ ವ್ಯವಹಾರದ ಸಂಸ್ಥೆಯೊಂದರ ಪಾಲುದಾರ ದಾದಿಬಾ ಬೋಟ್‌ವಾಲಾ ನಿಧನರಾದರು. ಅವರ ಪತ್ನಿ ಖೋರ್ಶೆದ್ ಬಾನು ಸಂಸ್ಥೆಯ ಗುಡ್‌ವಿಲ್‌ನಲ್ಲಿಯೂ ಪಾಲು ಕೇಳಿದರು. ಪಾಲುದಾರನ ಮರಣದಿಂದ ಸಂಸ್ಥೆ ವಿಸರ್ಜನೆಯಾಗದು ಎಂದು ಪತ್ರದಲ್ಲಿದೆ, ಗುಡ್‌ವಿಲ್ ಉಳಿದವರಿಗೇ ಸೇರುತ್ತದೆ ಎಂಬುದು ಉಳಿದ ಪಾಲುದಾರರ ವಾದವಾಗಿತ್ತು. ಗುಡ್‌ವಿಲ್ ಇತರ ಆಸ್ತಿಯಂತೆಯೇ ಒಂದು ಆಸ್ತಿ, ಪತ್ರದಲ್ಲಿ ಬೇರೆ ರೀತಿ ಹೇಳಿಲ್ಲವಾದರೆ ಮೃತನ ವಾರಸುದಾರರಿಗೆ ಅದರಲ್ಲಿ ಪಾಲಿದೆ ಎಂದು ನ್ಯಾಯಾಲಯ ತೀರ್ಮಾನಿಸಿತು.

ಈ ಪಾರ್ಸಿ ಮಹಿಳೆ ತೋರಿದ ಧೈರ್ಯವನ್ನು ನಮ್ಮ ವಿಧವೆಯರಲ್ಲಿ ಎಷ್ಟು ಮಂದಿ ತೋರಬಲ್ಲರು? ವೈದ್ಯನಾಗಿದ್ದ ಗಂಡ ಹಠಾತ್ತನೆ ತೀರಿಕೊಂಡ ಬಳಿಕ ಇದ್ದತ್‌ನ ದಿನಗಳಲ್ಲಿ ಮನೆಗೆ ಬಂದ ಪಾಲುದಾರ, ‘ಭಾಭಿ, ಮಕ್ಕಳ ಶಾಲೆಯ ಖರ್ಚು ನಾನು ನೋಡಿಕೊಳ್ಳುತ್ತೇನೆ’ ಎಂದು ಹೇಳಿ ಹೋದರೆ ಎಲ್ಲರೂ ಅವನನ್ನು ಹೊಗಳುತ್ತಾರೆ. ಹೊಗಳುವ ಮೊದಲು ಕೇಳಬೇಕಾದ ಪ್ರಶ್ನೆಯಿದೆ. ಆಸ್ಪತ್ರೆಯ ಅರ್ಧಪಾಲು ಮೃತನ ವಾರಸುದಾರರ ಹಕ್ಕು. ಮಕ್ಕಳಿದ್ದರೆ ಪತ್ನಿಗೆ ಅದರಲ್ಲಿ ಎಂಟನೆಯ ಒಂದು ಭಾಗ, ತಂದೆತಾಯಿಗೆ, ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಅವರವರ ಭಾಗ ನಿಶ್ಚಿತವಾಗಿದೆ. ಮನೆ, ಹೊಲಗಳ ಮಟ್ಟಿಗೆ ಈ ಭಾಗಗಳನ್ನು ಬಾಯಿಪಾಠ ಹೇಳುವವರು ಸ್ಕ್ಯಾನಿಂಗ್ ಯಂತ್ರಕ್ಕೂ ಆಸ್ಪತ್ರೆಯ ಹೆಸರಿಗೂ ಅದು ಅನ್ವಯವಾಗುತ್ತದೆಂದು ಮರೆಯುತ್ತಾರೆ. ಹಕ್ಕನ್ನು ಕೊಡದೆ ದಾನ ಕೊಡುವುದು ಉಪಕಾರವಲ್ಲ. ಶಾಲೆಯ ಖರ್ಚು ನೋಡಿಕೊಳ್ಳುವುದಿದ್ದರೆ ಲೆಕ್ಕ ಚುಕ್ತಾ ಮಾಡಿದ ಬಳಿಕ ನೋಡಿಕೊಳ್ಳಲಿ.

ಇನ್ನು ರೋಗಿಗಳ ಪ್ರಶ್ನೆ. ಅವರು ಯಾರವರು? ಹೊರಹೋಗುವವರು ಎದುರು ಬೀದಿಯಲ್ಲಿಯೇ ಹೊಸ ಆಸ್ಪತ್ರೆ ತೆರೆದರೆ ತಡೆಯಬಹುದೇ? ಬ್ರಿಟನ್ನಿನಲ್ಲಿ ಈ ಪ್ರಶ್ನೆ ಹಲವು ಬಾರಿ ನ್ಯಾಯಾಲಯದ ಮೆಟ್ಟಿಲೇರಿದೆ. ಹತ್ತು ಮೈಲಿಯೊಳಗೆ 21 ವರ್ಷ ವೈದ್ಯವೃತ್ತಿ ನಡೆಸಬಾರದೆಂಬ ಕರಾರನ್ನು 1952ರಲ್ಲಿ ಅಲ್ಲಿನ ನ್ಯಾಯಾಲಯವೊಂದು ಎತ್ತಿಹಿಡಿಯಿತು. 1986ರ ಹೊತ್ತಿಗೆ ನ್ಯಾಯಾಲಯದ ಮುಂದೆ ಬಂದುದು ಎರಡು ಮೈಲಿ, ಎರಡು ವರ್ಷದ ಕರಾರು. ಇದಕ್ಕಿಂತ ಗಮನಾರ್ಹವಾದುದೆಂದರೆ, 1948ರಲ್ಲಿ ಆರಂಭವಾದ ರಾಷ್ಟ್ರೀಯ ಆರೋಗ್ಯ ಸೇವೆಗೆ ಸೇರಿದ ವೈದ್ಯರು ತಮ್ಮ ಪ್ರಾಕ್ಟೀಸಿನ ಗುಡ್‌ವಿಲ್ಲನ್ನು ಮಾರುವುದನ್ನೇ ಅಲ್ಲಿನ ಕಾನೂನು ನಿಷೇಧಿಸಿತು. ನಮ್ಮ ದೇಶದಲ್ಲಿ ಅಂತಹ ನಿಷೇಧವಿಲ್ಲ. ಹೊರಹೋದ ಪಾಲುದಾರ ಸ್ಪರ್ಧಿಸಬಹುದು, ಜಾಹೀರಾತನ್ನೂ ನೀಡಬಹುದು, ಆದರೆ ಸಂಸ್ಥೆಯ ಹೆಸರನ್ನು ಬಳಸಬಾರದು, ಅದರ ಹಳೆಯ ಗಿರಾಕಿಗಳನ್ನು ತನ್ನತ್ತ ಕರೆಯಬಾರದು ಎಂಬುದು 36ನೇ ಕಲಮಿನ ಸಾರ. ನ್ಯಾಯೋಚಿತವಾದ ದೂರ ಮತ್ತು ಅವಧಿಯ ನಿರ್ಬಂಧವನ್ನು ಇಬ್ಬರೂ ಒಪ್ಪಿಕೊಳ್ಳಲು ಅದೇ ಕಲಮು ಅವಕಾಶ ಕೊಡುತ್ತದೆ. ವೈದ್ಯರಿಗಾದರೋ ಜಾಹೀರಾತಿಗೆ ವೃತ್ತಿನಿಯಮಗಳ ಕಡಿವಾಣವಿದೆ. ವೃತ್ತಿ ಆರಂಭ, ವಿಳಾಸ ಬದಲಾವಣೆ ಮುಂತಾದವುಗಳ ಔಪಚಾರಿಕ ಪ್ರಕಟಣೆಯನ್ನು ಪತ್ರಿಕೆಯಲ್ಲಿ ನೀಡಬಹುದಷ್ಟೆ.

ನನ್ನ ಅಭಿಪ್ರಾಯ ಇಷ್ಟು: ಜಿಗಣಿಯಂತಹ ಊರಿನಲ್ಲಿ ವೈದ್ಯರನ್ನು ಊರಿನಿಂದ ದೂರವಿಡುವ ಕರಾರು ಅನ್ಯಾಯ. ವಾಹನವಿಲ್ಲದ ಕಾರ್ಮಿಕನಿಗೆ ಎರಡು ಮೈಲಿಯೂ ದೂರವೇ. ಸ್ತ್ರೀರೋಗ ತಜ್ಞೆಯ ಮೇಲೆ ಅಂತಹ ನಿರ್ಬಂಧ ಹೇರುವುದಂತೂ ಆಕೆಯನ್ನಲ್ಲ, ಮಹಿಳಾ ವೈದ್ಯರ ಬಳಿಗೆ ಮಾತ್ರ ಹೋಗಬಯಸುವ ನಮ್ಮ ಮನೆಯ ಹೆಣ್ಣುಮಕ್ಕಳನ್ನು ಶಿಕ್ಷಿಸಿದಂತೆ. ನಿರ್ಬಂಧ ಬೇಕಾದುದು ಹೆಸರಿನ ಮೇಲೆ, ದಾಖಲೆಗಳ ದುರ್ಬಳಕೆಯ ಮೇಲೆ, ಹಳೆಯ ಪಾಲುದಾರನ ಬಗ್ಗೆ ರೋಗಿಗಳ ಕಿವಿಯಲ್ಲಿ ವಿಷ ಹಾಕುವುದರ ಮೇಲೆ. ರೋಗಿ ಯಾರ ಆಸ್ತಿಯೂ ಅಲ್ಲ. ಹಳೆಯ ಕಡೆ ಯಾರಿದ್ದಾರೆ, ಹೊರಹೋದವರು ಎಲ್ಲಿ ಸಿಗುತ್ತಾರೆ ಎಂಬ ಎರಡನ್ನೂ ಅವನಿಗೆ ತಿಳಿಸಬೇಕು, ಆಯ್ಕೆ ಅವನದು. ಅವನು ಕೇಳಿದರೆ ಚಿಕಿತ್ಸೆಯ ದಾಖಲೆಗಳನ್ನು 72 ಗಂಟೆಗಳೊಳಗೆ ಕೊಡಬೇಕೆಂಬ ನಿಯಮ 2002ರಿಂದಲೂ ಇದೆ. ಒಳರೋಗಿಗಳ ದಾಖಲೆಗಳನ್ನು ಮೂರು ವರ್ಷ ಕಾದಿರಿಸಬೇಕೆಂಬುದೂ ಅದರಲ್ಲಿದೆ. ಕಪಾಟಿಗೆ ಬೀಗ ಹಾಕಿದವರು ಜಗಳದಲ್ಲಿ ಗೆಲ್ಲಬಹುದು, ಆದರೆ ವೃತ್ತಿಧರ್ಮವನ್ನು ಮುರಿದಿರುತ್ತಾರೆ. ಇಷ್ಟಕ್ಕೂ ಆ ಕಾಗದಗಳು ಹೊರಹೋಗುವವರಿಗೂ ಬೇಕು. ಅವರು ಪಾಲುದಾರರಾಗಿದ್ದಾಗ ನಡೆದ ಶಸ್ತ್ರಚಿಕಿತ್ಸೆಯ ಬಗ್ಗೆ ಗ್ರಾಹಕ ನ್ಯಾಯಾಲಯಕ್ಕೆ ದೂರು ಹೋದರೆ ಇಬ್ಬರೂ ಹೊಣೆ. ಬೇರೆಯಾದುದನ್ನು ರಿಜಿಸ್ಟ್ರಾರರಿಗೆ, ರಾಜ್ಯಪತ್ರದಲ್ಲಿ ಮತ್ತು ಜಿಲ್ಲೆಯಲ್ಲಿ ಓದುವ ದೇಶಭಾಷೆಯ ಪತ್ರಿಕೆಯಲ್ಲಿ ಪ್ರಕಟಿಸದಿದ್ದರೆ, ಹೊರಹೋದ ಬಳಿಕ ಆದ ಸಾಲಗಳೂ ಬೆನ್ನು ಹತ್ತಬಹುದು.

ದೊಡ್ಡ ಆಸ್ಪತ್ರೆಗಳಲ್ಲಿ ಜಗಳವಿಲ್ಲವೇ ಎಂದು ಕೇಳಬಹುದು. ಇದೆ. ಜಿಗಣಿಯಿಂದ ನಗರಕ್ಕೆ ಹೋಗುವ ಬನ್ನೇರುಘಟ್ಟ ರಸ್ತೆಯಲ್ಲಿ ವೊಕಾರ್ಡ್ ಎಂಬ ಹೆಸರಿದ್ದ ಆಸ್ಪತ್ರೆಯನ್ನು 2009ರಲ್ಲಿ ಫೋರ್ಟಿಸ್ ಕಂಪೆನಿ ಇತರ ಒಂಬತ್ತು ಆಸ್ಪತ್ರೆಗಳೊಂದಿಗೆ ಕೊಂಡುಕೊಂಡಿತು. ಆ ಕಂಪೆನಿಯನ್ನು ಕಟ್ಟಿದ ಸಹೋದರರಾದ ಮಲ್ವಿಂದರ್ ಮತ್ತು ಶಿವಿಂದರ್ ಸಿಂಗ್ ಮುಂದೆ ಒಬ್ಬರನ್ನೊಬ್ಬರು ದೂರಿದರು. 2018ರ ಸೆಪ್ಟೆಂಬರಿನಲ್ಲಿ ತಮ್ಮನು ಅಣ್ಣನ ವಿರುದ್ಧ ಕಂಪೆನಿ ನ್ಯಾಯಮಂಡಳಿಗೆ ಹೋದರು, ತಾಯಿಯ ಕೋರಿಕೆಯಂತೆ ಮಧ್ಯಸ್ಥಿಕೆಗಾಗಿ ಅರ್ಜಿಯನ್ನು ಹಿಂದೆಗೆದುಕೊಂಡರು. ಸಂಬಂಧ ಕೂಡಿಬರಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಮಲೇಶ್ಯದ ಐಎಚ್ಎಚ್ ಸಂಸ್ಥೆ ಶೇಕಡಾ 31ರಷ್ಟು ಶೇರುಗಳೊಂದಿಗೆ ಕಂಪೆನಿಯ ಹಿಡಿತ ಪಡೆಯಿತು. ಆದರೆ ಬನ್ನೇರುಘಟ್ಟ ರಸ್ತೆಯ ಆಸ್ಪತ್ರೆ ಉಳಿಯಿತು. ಕಂಪೆನಿಗೆ ಒಡೆಯರಿಂದ ಬೇರೆಯಾದ ತನ್ನದೇ ಅಸ್ತಿತ್ವವನ್ನು ಕಾನೂನು ಕೊಟ್ಟಿದೆ, ಒಡೆಯರು ಬದಲಾದರೂ ಅದು ನಿಲ್ಲುತ್ತದೆ. ಪಾಲುದಾರಿಕೆಗೆ ಆ ಗೋಡೆಯಿಲ್ಲ. ಇಬ್ಬರು ಮುನಿಸಿಕೊಂಡರೆ ಆಸ್ಪತ್ರೆಯೇ ಮುನಿಸಿಕೊಂಡಂತೆ. ಆದ್ದರಿಂದಲೇ ಸಣ್ಣವರಿಗೆ ದೊಡ್ಡವರಿಗಿಂತ ಹೆಚ್ಚಿನ ಎಚ್ಚರ ಬೇಕು.

ಸರಕಾರದ ಗಮನ ಇತ್ತ ಹರಿದಿದೆಯೇ? 2017ರಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಗೆ ತಿದ್ದುಪಡಿ ತರಹೊರಟಾಗ ರಾಜ್ಯದಾದ್ಯಂತ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಚರ್ಚೆಯು ಮುಖ್ಯವಾಗಿ ದರ, ದಂಡ, ಸೆರೆವಾಸಗಳ ಸುತ್ತ ತಿರುಗಿತು. ಸಣ್ಣ ಆಸ್ಪತ್ರೆಯೊಂದು ಒಡೆದು ಮುಚ್ಚಿದರೆ ಅದನ್ನೇ ನಂಬಿದ್ದ ರೋಗಿಗಳು ಎಲ್ಲಿಗೆ ಹೋಗಬೇಕೆಂಬುದು ಕೂಡ ಅಂದು ಚರ್ಚೆಯಾಗಬೇಕಿತ್ತು. ಸಾವಿರಾರು ಕಾರ್ಮಿಕರಿರುವ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿಯ ಹೆರಿಗೆಗೆ ಖಾಸಗಿ ನರ್ಸಿಂಗ್ ಹೋಮ್‌ನ ಬಾಗಿಲನ್ನೇ ತಟ್ಟಬೇಕಾಗಿರುವುದು ಸರಕಾರದ ವೈಫಲ್ಯವೂ ಹೌದು.

ಜಗಳ ಹುಟ್ಟಿಯೇ ಬಿಟ್ಟಿತೆನ್ನಿ. ಆಗ ನಮ್ಮವರು ಮಸೀದಿ ಕಮಿಟಿಯ ಹಿರಿಯರ ಬಳಿಗೆ ಹೋಗುತ್ತಾರೆ. ಅದರಲ್ಲಿ ಒಳಿತಿದೆ. ಇಬ್ಬರ ಮನೆಯನ್ನೂ ಬಲ್ಲವರು ಅವರು, ಕೋಪವನ್ನು ತಣಿಸಬಲ್ಲರು. ಆದರೆ ಆಸ್ಪತ್ರೆಯ ಬ್ಯಾಲೆನ್ಸ್ ಶೀಟನ್ನು ಓದಬಲ್ಲರೇ? ‘ಇಬ್ಬರೂ ಮಾಫ್ ಮಾಡಿಕೊಳ್ಳಿರಿ, ಇಷ್ಟು ಕೊಟ್ಟು ಮುಗಿಸಿರಿ’ ಎಂಬ ಬಾಯಿಮಾತಿನ ತೀರ್ಮಾನ ಆರು ತಿಂಗಳು ಬಾಳುವುದಿಲ್ಲ. ಇದಕ್ಕೆ ಕಾನೂನಿನಲ್ಲಿಯೇ ದಾರಿಯಿದೆ. 1996ರ ಮಧ್ಯಸ್ಥಿಕೆ ಕಾಯಿದೆಯ ಪ್ರಕಾರ ಇಬ್ಬರೂ ಲಿಖಿತವಾಗಿ ಒಪ್ಪಿದರೆ ತಮಗೆ ಬೇಕಾದವರನ್ನು ಪಂಚರನ್ನಾಗಿ ನೇಮಿಸಿಕೊಳ್ಳಬಹುದು. ಪಂಚರ ಸಂಖ್ಯೆ ಸಮಸಂಖ್ಯೆಯಾಗಿರಬಾರದೆಂದು ಕಾಯಿದೆಯೇ ಹೇಳುತ್ತದೆ. ಇಬ್ಬರೂ ಗೌರವಿಸುವ ಒಬ್ಬ ಹಿರಿಯರು, ಒಬ್ಬ ಲೆಕ್ಕಪರಿಶೋಧಕರು, ಇಬ್ಬರ ಜೊತೆಗೂ ವ್ಯವಹಾರವಿಲ್ಲದ ಒಬ್ಬ ಹಿರಿಯ ವೈದ್ಯರು ಹೀಗೆ ಮೂವರು ಕುಳಿತು, ಎರಡೂ ಕಡೆಯನ್ನು ಕೇಳಿ, ಕಾರಣಗಳೊಂದಿಗೆ ಬರೆದು ಸಹಿ ಮಾಡಿದ ತೀರ್ಪನ್ನು ನ್ಯಾಯಾಲಯದ ಡಿಕ್ರಿಯಂತೆ ಜಾರಿಗೊಳಿಸಬಹುದು. ಪಾಲುದಾರಿಕೆ ಪತ್ರದಲ್ಲಿ ಇದಕ್ಕೆ ನಾಲ್ಕು ಸಾಲು ಸಾಕು. ಆಗಲೇ ಕೋರ್ಟಿಗೆ ಹೋಗಿರುವವರಿಗೂ ದಾರಿ ಮುಚ್ಚಿಲ್ಲ. ಹೈಕೋರ್ಟಿನ ಆಶ್ರಯದಲ್ಲಿ 2007ರಲ್ಲಿ ಆರಂಭವಾದ ಬೆಂಗಳೂರು ಮಧ್ಯಸ್ಥಿಕೆ ಕೇಂದ್ರಕ್ಕೆ ತಮ್ಮ ಪ್ರಕರಣವನ್ನು ಕಳುಹಿಸಬೇಕೆಂದು ನ್ಯಾಯಾಧೀಶರನ್ನು ಕೇಳಿಕೊಳ್ಳಬಹುದು.

ಪ್ರವಾದಿಯಾಗುವುದಕ್ಕೆ ಮೊದಲು ಮುಹಮ್ಮದ್(ಸ)ರು ಸಾಯಿಬ್ ಎಂಬವರೊಂದಿಗೆ ವ್ಯಾಪಾರದ ಪಾಲುದಾರಿಕೆ ನಡೆಸಿದ್ದರು. ಅವರು ಉತ್ತಮ ಪಾಲುದಾರರಾಗಿದ್ದರು, ವಾದ ಹೂಡುತ್ತಿರಲಿಲ್ಲ ಎಂದು ಸಾಯಿಬ್(ರ) ವರ್ಷಗಳ ಬಳಿಕ ನೆನಪಿಸಿಕೊಂಡ ಪ್ರಸ್ತಾಪ ಹದೀಸ್‌ನಲ್ಲಿದೆ. ಆ ಪಾಲುದಾರಿಕೆ ಎಂದೋ ಮುಗಿದುಹೋಗಿತ್ತು. ಒಳ್ಳೆಯ ಮಾತು ಉಳಿದಿತ್ತು.

ಹಾಗಾದರೆ ಪತ್ರದಲ್ಲಿ ನೋಟೀಸಿನ ಅವಧಿ ಎಷ್ಟಿರಬೇಕು? ಒಂದು ತಿಂಗಳು ಸಾಕೆನ್ನುವವರಿದ್ದಾರೆ. ಆರು ತಿಂಗಳಾದರೂ ಇರಲಿ. ನೋಟೀಸು ಕೊಟ್ಟ ದಿನ ಮೂರು ತಿಂಗಳು ಕಳೆದ ಗರ್ಭಿಣಿಯ ಹೆರಿಗೆಯನ್ನು ಅದೇ ವೈದ್ಯೆ ಅಷ್ಟರಲ್ಲಿ ಮುಗಿಸಿಕೊಡಬಹುದು. ಈ ಅವಧಿಯಲ್ಲಿ ಸ್ಕ್ಯಾನಿಂಗ್ ಯಂತ್ರದ ವ್ಯವಸ್ಥೆಯೂ ಆಗಬೇಕು. ಭ್ರೂಣಲಿಂಗ ಪತ್ತೆ ತಡೆ ನಿಯಮಗಳ ಪ್ರಕಾರ ಅದರ ನೋಂದಣಿಪತ್ರವನ್ನು ಇನ್ನೊಬ್ಬರಿಗೆ ವರ್ಗಾಯಿಸುವಂತಿಲ್ಲ. ಒಡೆತನ ಬದಲಾದರೆ ಹಳೆಯದನ್ನು ಒಪ್ಪಿಸಿ ಹೊಸದಾಗಿ ಅರ್ಜಿ ಹಾಕಬೇಕು, ಅಲ್ಲಿಯವರೆಗೆ ಗರ್ಭಿಣಿಯರ ಸ್ಕ್ಯಾನಿಂಗ್ ಎಲ್ಲಿ ನಡೆಯಬೇಕೆಂದು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ದಾದಿಯರ ಬಾಕಿ ಸಂಬಳ ಪಾಲುದಾರರ ಪಾಲಿಗಿಂತ ಮುಂಚೆ ಸಂದಾಯವಾಗಬೇಕು, ಕಾಯಿದೆಯೂ ಹೊರಗಿನವರ ಬಾಕಿಯನ್ನೇ ಮೊದಲು ತೀರಿಸಲು ಹೇಳುತ್ತದೆ. ಕೊನೆಯದಾಗಿ ಬಾಗಿಲಿಗೆ ಒಂದು ಚೀಟಿ. ಯಾವ ವೈದ್ಯರು ಯಾವ ದಿನದಿಂದ ಇಲ್ಲಿ ಇರುವುದಿಲ್ಲ, ಎಲ್ಲಿ ಸಿಗುತ್ತಾರೆ, ಹಳೆಯ ಕಾಗದಗಳಿಗೆ ಯಾರನ್ನು ಕೇಳಬೇಕು ಎಂಬಿಷ್ಟನ್ನು ಅದರಲ್ಲಿ ಬರೆಯಬೇಕು. ಜಿಗಣಿಯಲ್ಲಾದರೆ ಕನ್ನಡದ ಕೆಳಗೆ ಹಿಂದಿಯಲ್ಲಿಯೂ ಒಡಿಯಾದಲ್ಲಿಯೂ.